ಕಳುವಾದ ಲ್ಯಾಪ್‌ಟಾಪ್: ಮ್ಯಾಪಿನ ಚುಕ್ಕೆಯಿಂದ ಮನೆ ಬಾಗಿಲಿನವರೆಗೆ

ಧಾರವಾಡದ ಸಪ್ತಾಪುರದ ಪಿಜಿಯಲ್ಲಿ ಬಾಗಿಲು ಮುಂದಕ್ಕೆ ಮಾಡಿ ಸ್ನಾನಕ್ಕೆ ಹೋದಾಗ, ಹುಬ್ಬಳ್ಳಿ–ಗದಗ ಬಸ್ಸಿನಲ್ಲಿ ಬ್ಯಾಗ್ ಮೇಲಿಟ್ಟು ಕಣ್ಣು ಮುಚ್ಚಿದಾಗ, ರೈಲ್ವೆ ಸ್ಟೇಷನ್ನಿನಲ್ಲಿ ಚಾರ್ಜಿಗೆ ಹಾಕಿ ಚಹಾ ತರಲು ಎದ್ದಾಗ ಲ್ಯಾಪ್‌ಟಾಪ್ ಹೋಗಿಬಿಡುತ್ತದೆ. ಹೋದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಇಂಟರ್ನೆಟ್‌ನಾಗ ಟ್ರ್ಯಾಕ್ ಮಾಡಾಕ ಬರೂದಿಲ್ಲೇನ್ರಿ?"

ಬರುತ್ತದೆ. ಆದರೆ ಸಿನಿಮಾದಲ್ಲಿ ತೋರಿಸುವ ಹಾಗಲ್ಲ. ಇಂಟರ್ನೆಟ್ ನಿಮಗೆ ಕೊಡುವುದು ಒಂದು ಸುಳಿವು ಮಾತ್ರ. ಆ ಸುಳಿವಿನಿಂದ ಒಬ್ಬ ಮನುಷ್ಯನ ಹೆಸರು, ಒಂದು ಮನೆಯ ವಿಳಾಸ ಹೊರಗೆ ತೆಗೆಯುವ ಅಧಿಕಾರ ಇರುವುದು ಪೊಲೀಸರಿಗೆ. ಅವರ ಕೈಗೆ ನೀವು ಏನು ಕೊಡುತ್ತೀರಿ, ಎಷ್ಟು ಬೇಗ ಕೊಡುತ್ತೀರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಈ ದಾರಿಯಲ್ಲಿ ಎಲ್ಲಿ ಏನು ನಡೆಯುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಹೋಗಲಿ. ಫೋನ್ ಕಳೆದರೆ ಹುಡುಕುತ್ತಾರೆ, ಲ್ಯಾಪ್‌ಟಾಪ್ ಯಾಕೆ ಹುಡುಕಲ್ಲ ಅಂತ ಜನ ಸಿಟ್ಟಾಗುತ್ತಾರೆ. ಎರಡೂ ಬೇರೆ ಬೇರೆ. ಪ್ರತಿ ಫೋನಿಗೆ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. ಫೋನಿಗೆ ಸಿಮ್ ಹಾಕಿದ ಕೂಡಲೇ ಆ ನಂಬರ್ ಮೊಬೈಲ್ ಕಂಪನಿಗೆ ಕಾಣುತ್ತದೆ, ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ. ಕೇಂದ್ರ ಸರ್ಕಾರದ ಸಿಇಐಆರ್, ಅಂದರೆ ಫೋನುಗಳ ಐಎಂಇಐ ದಾಖಲೆ ಇಡುವ ವ್ಯವಸ್ಥೆ, ಇದರ ಮೇಲೆಯೇ ನಡೆಯುವುದು. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಶುರುವಾದ ಮೇಲೆ ದೇಶದ ಯಾವ ಮೂಲೆಯಿಂದ ಬೇಕಾದರೂ ಕಳುವಾದ ಫೋನನ್ನು ಬ್ಲಾಕ್ ಮಾಡಿಸಬಹುದು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಮ್ ಇಲ್ಲ, ಐಎಂಇಐ ಇಲ್ಲ, ಜಿಪಿಎಸ್ ಕೂಡ ಇಲ್ಲ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗುತ್ತದೆ. ಅದು ಎಲ್ಲಿದೆ ಅಂತ ಹೊರಗಿನವರಿಗೆ ತಿಳಿಯಬೇಕಾದರೆ ಅದೇ ಬಾಯಿಬಿಟ್ಟು ಹೇಳಬೇಕು.

ಹಾಗೆ ಹೇಳಬೇಕಾದರೆ ಲ್ಯಾಪ್‌ಟಾಪ್ ಆನ್ ಆಗಿರಬೇಕು, ನೆಟ್‌ಗೆ ಸೇರಿರಬೇಕು, ಮತ್ತು ನೀವು ಮೊದಲೇ ಹಾಕಿಟ್ಟ ಸಾಫ್ಟ್‌ವೇರ್ ಅದರಲ್ಲಿ ಇನ್ನೂ ಜೀವಂತ ಇರಬೇಕು. ಕದ್ದವನೋ ಅವನಿಂದ ಕೊಂಡವನೋ ಪೆನ್‌ಡ್ರೈವ್ ಹಾಕಿ ಹೊಸ ವಿಂಡೋಸ್ ಏರಿಸಿದ ಅಂದರೆ ಮೂರನೆಯದು ಮುಗಿದ ಹಾಗೆ. ಅಷ್ಟರೊಳಗೆ ಒಂದು ಸಲವಾದರೂ ಅದು ನೆಟ್‌ಗೆ ಬಂದರೆ ನಿಮ್ಮ ಅದೃಷ್ಟ.

ವಿಂಡೋಸ್‌ನಲ್ಲಿ ಇದಕ್ಕೆ ಫೈಂಡ್ ಮೈ ಡಿವೈಸ್ ಅನ್ನುವ ಸೌಲಭ್ಯ ಇದೆ. 2015ರ ನವೆಂಬರ್‌ನಲ್ಲಿ ವಿಂಡೋಸ್ 10ಕ್ಕೆ ಬಂದ ಅಪ್‌ಡೇಟ್‌ನಿಂದಲೇ ಇದೆ, ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಪ್ರೈವೆಸಿ ಮತ್ತು ಸೆಕ್ಯುರಿಟಿ ವಿಭಾಗಕ್ಕೆ ಹೋದರೆ ಸಿಗುತ್ತದೆ. ಆದರೆ ಇದು ಕೆಲಸ ಮಾಡಲು ನೀವು ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿರಬೇಕು, ಲೊಕೇಶನ್ ಆನ್ ಇರಬೇಕು. ನಮ್ಮ ಕಡೆ ಎಡವಟ್ಟಾಗುವುದು ಇಲ್ಲೇ. ಅಂಗಡಿಯವರು ವಿಂಡೋಸ್ ಹಾಕಿಕೊಡುವಾಗ ಬೇಗ ಮುಗಿಯಲಿ ಅಂತ 'ಅಡ್ಮಿನ್' ಅಂತಲೋ 'ಯೂಸರ್' ಅಂತಲೋ ಒಂದು ಲೋಕಲ್ ಅಕೌಂಟ್ ಮಾಡಿ ಕೊಟ್ಟುಬಿಡುತ್ತಾರೆ. ನಾವೂ ಅದರಲ್ಲೇ ವರ್ಷಗಟ್ಟಲೆ ಓಡಿಸುತ್ತೇವೆ. ಲೋಕಲ್ ಅಕೌಂಟಿಗೆ ಫೈಂಡ್ ಮೈ ಡಿವೈಸ್ ನಡೆಯುವುದಿಲ್ಲ. ಇದನ್ನು ಓದುತ್ತಿರುವುದು ಲ್ಯಾಪ್‌ಟಾಪಿನಲ್ಲಾದರೆ ಈಗಲೇ ಒಂದು ಸಲ ತೆರೆದು ನೋಡಿ.

ಈಗ ಆ ಚುಕ್ಕೆಯ ವಿಷಯಕ್ಕೆ ಬರೋಣ. ಜಿಪಿಎಸ್ ಇಲ್ಲದ ಲ್ಯಾಪ್‌ಟಾಪಿಗೆ ತಾನು ಎಲ್ಲಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ? ಸುತ್ತಮುತ್ತಲಿನ ವೈಫೈ ರೂಟರ್‌ಗಳಿಂದ. ಪ್ರತಿ ರೂಟರ್‌ಗೂ ತನ್ನದೇ ಆದ ಒಂದು ಹಾರ್ಡ್‌ವೇರ್ ವಿಳಾಸ ಇರುತ್ತದೆ, ಅದನ್ನು ಅದು ಸದಾ ಗಾಳಿಯಲ್ಲಿ ಕೂಗುತ್ತಲೇ ಇರುತ್ತದೆ. ಯಾವ ರೂಟರ್ ಎಲ್ಲಿದೆ ಅನ್ನುವ ದೊಡ್ಡ ಪಟ್ಟಿಗಳು ಗೂಗಲ್, ಆ್ಯಪಲ್, ಮೈಕ್ರೋಸಾಫ್ಟ್ ಕಂಪನಿಗಳ ಹತ್ತಿರ ಇವೆ. ರಸ್ತೆಯಲ್ಲಿ ಓಡಾಡುವ ನಮ್ಮ ಫೋನುಗಳೇ ಅದನ್ನು ದಿನಾ ತುಂಬಿಸುತ್ತವೆ. ಲ್ಯಾಪ್‌ಟಾಪ್ ತನಗೆ ಕೇಳಿಸುತ್ತಿರುವ ರೂಟರ್‌ಗಳ ವಿಳಾಸ, ಯಾವುದರ ಸಿಗ್ನಲ್ ಎಷ್ಟು ಜೋರು ಅನ್ನುವುದನ್ನು ಕಳಿಸುತ್ತದೆ, ಆ ಕಡೆಯಿಂದ 'ನೀನು ಸುಮಾರು ಇಲ್ಲಿದ್ದೀಯ' ಅಂತ ಉತ್ತರ ಬರುತ್ತದೆ. ಯಾವ ರೂಟರ್‌ನ ಪಾಸ್‌ವರ್ಡೂ ಇದಕ್ಕೆ ಬೇಕಾಗಿಲ್ಲ. ಆದರೆ ಉತ್ತರವನ್ನು ನಿಮಗೆ ತಲುಪಿಸಲು ಮಾತ್ರ ಒಂದು ನೆಟ್ ಬೇಕೇ ಬೇಕು.

ಸುಮಾರು ಅಂದೆ ನೋಡಿ, ಆ ಮಾತು ಮುಖ್ಯ. ಊರೊಳಗೆ ರೂಟರ್‌ಗಳು ಒತ್ತೊತ್ತಾಗಿರುವ ಕಡೆ ಚುಕ್ಕೆ ಕೆಲವು ಹತ್ತು ಮೀಟರ್‌ಗಳ ಅಂತರದಲ್ಲಿ ಬೀಳುತ್ತದೆ. ಕೇಳಲು ಬಹಳ ಚೆನ್ನಾಗಿದೆ, ಅಲ್ವಾ? ಸಪ್ತಾಪುರದ ಒಂದು ಓಣಿಯಲ್ಲಿ ನಿಂತು ನಿಮ್ಮ ಸುತ್ತ 40 ಮೀಟರ್ ಗೀಟು ಹಾಕಿ ನೋಡಿ. ಎಡಕ್ಕೆ ಮೂರು ಅಂತಸ್ತಿನ ಪಿಜಿ, ಬಲಕ್ಕೆ ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಲೈಬ್ರರಿ, ಅದರ ಹಿಂದೆ ನಾಲ್ಕು ಮನೆ, ಎದುರಿಗೆ ಕೋಚಿಂಗ್ ಸೆಂಟರ್. ಎಲ್ಲವೂ ಆ ವೃತ್ತದೊಳಗೇ ಬರುತ್ತವೆ. ಒಳಗಿರುವ ಲ್ಯಾಪ್‌ಟಾಪ್‌ಗಳು ಎಷ್ಟೋ. ಚುಕ್ಕೆ ಯಾವ ಅಂತಸ್ತು ಅಂತ ಹೇಳುವುದಿಲ್ಲ. ಚುಕ್ಕೆ ಬಿದ್ದ ಮನೆಯೇ ಕಳ್ಳನ ಮನೆ ಅಂತಲೂ ಅಲ್ಲ. ಮ್ಯಾಪಿನಲ್ಲಿ ಚುಕ್ಕೆಯ ಸುತ್ತ ತೆಳ್ಳಗೆ ಒಂದು ವೃತ್ತ ಕಾಣುತ್ತದಲ್ಲ, ನಿಜವಾದ ಉತ್ತರ ಆ ವೃತ್ತ. ನಡುವಿನ ಚುಕ್ಕೆ ಸುಮ್ನೆ ಅದರ ಕೇಂದ್ರ.

ಇನ್ನೊಂದು ತೊಡಕು. ರೂಟರ್‌ಗಳೂ ಮನೆ ಬದಲಾಯಿಸುತ್ತವೆ. ಯಾರೋ ಧಾರವಾಡದಿಂದ ಗದಗಕ್ಕೆ ವರ್ಗವಾಗಿ ರೂಟರನ್ನೂ ಕಟ್ಟಿಕೊಂಡು ಹೋದರು ಅಂತಿಟ್ಟುಕೊಳ್ಳಿ. ಆ ಪಟ್ಟಿಯಲ್ಲಿ ಅದು ಇನ್ನೂ ಧಾರವಾಡದಲ್ಲೇ ಇರಬಹುದು. ಅಕ್ಕಪಕ್ಕ ಬೇರೆ ರೂಟರ್ ಇಲ್ಲದಿದ್ದರೆ, ಗದಗದಲ್ಲಿರುವ ಲ್ಯಾಪ್‌ಟಾಪ್ ಧಾರವಾಡದಲ್ಲಿದೆ ಅಂತ ತೋರಿಸುತ್ತದೆ. ಕುಂದಗೋಳ, ನವಲಗುಂದದ ಕಡೆ ಹಳ್ಳಿಗಳಲ್ಲಿ ವೈಫೈ ಗುರುತೇ ಸಿಗದೇ ಹೋದಾಗ ವ್ಯವಸ್ಥೆ ಐಪಿ ಅಡ್ರೆಸ್, ಅಂದರೆ ನೆಟ್‌ಗೆ ಸೇರಿದಾಗ ಸಿಗುವ ನಂಬರ್ ನೋಡಿ ಊಹೆ ಮಾಡುತ್ತದೆ. ಆಗ ಚುಕ್ಕೆ ಹಾರಿ ಬೆಂಗಳೂರಿನಲ್ಲಿ ಕೂರುತ್ತದೆ.

ಬೆಂಗಳೂರು ಯಾಕೆ? ನಿಮ್ಮ ಮನೆಯಲ್ಲೇ ಕೂತು ನಿಮ್ಮ ಐಪಿ ಅಡ್ರೆಸ್ ಯಾವ ಊರಿನದು ಅಂತ ಯಾವುದಾದರೂ ಸೈಟಿನಲ್ಲಿ ನೋಡಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೂತವರಿಗೂ ಬಹಳ ಸಲ ಬೆಂಗಳೂರು ಅಂತಲೋ ಮುಂಬೈ ಅಂತಲೋ ಬರುತ್ತದೆ. ಐಪಿ ಅಡ್ರೆಸ್ ನಿಮ್ಮ ಮನೆಗೆ ಸೇರಿದ್ದಲ್ಲ, ಇಂಟರ್ನೆಟ್ ಕಂಪನಿಗೆ ಸೇರಿದ್ದು. ಆ ಕಂಪನಿಯ ಕಚೇರಿ ಅಥವಾ ದೊಡ್ಡ ಉಪಕರಣ ಎಲ್ಲಿದೆಯೋ ಆ ಊರಿನ ಹೆಸರು ಬರುತ್ತದೆ. ಓಣಿಯ ಕೇಬಲ್‌ನವರಿಂದ ನೆಟ್ ತಗೊಂಡಿದ್ದರೆ ಅವರೂ ಮೇಲಿನ ದೊಡ್ಡ ಕಂಪನಿಯಿಂದ ತಗೊಂಡಿರುತ್ತಾರೆ. ಹಾಗಾಗಿ ಐಪಿ ನೋಡಿ 'ಲ್ಯಾಪ್‌ಟಾಪ್ ಬೆಂಗಳೂರಿಗೆ ಹೋಗಿಬಿಟ್ಟಿದೆ' ಅಂತ ಕೈ ಚೆಲ್ಲಬೇಡಿ. ಅದು ಪಕ್ಕದ ಓಣಿಯಲ್ಲೇ ಇರಬಹುದು.

ಊರು ತಪ್ಪು ತೋರಿಸಿದರೂ ಐಪಿ ಅಡ್ರೆಸ್ ಬಹಳ ಬೆಲೆಬಾಳುವ ಸುಳಿವು. ಇಂಥ ದಿನ ಇಂಥ ಹೊತ್ತಿಗೆ ಈ ಐಪಿ ಯಾವ ಗ್ರಾಹಕನ ಹತ್ತಿರ ಇತ್ತು ಅನ್ನುವ ದಾಖಲೆ ಇಂಟರ್ನೆಟ್ ಕಂಪನಿಯ ಹತ್ತಿರ ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ನಿಯಮ ಬದಲಿಸಿ ಇಂಥ ದಾಖಲೆಗಳನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು ಅಂತ ಮಾಡಿದೆ. ಅದನ್ನು ನೀವು ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು. ಪೊಲೀಸರು ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್‌ನ 94ನೇ ಕಲಂ ಪ್ರಕಾರ ಕೇಳಿದರೆ ಕೊಡಬೇಕು.

ಆದರೆ ಬರೀ ಐಪಿ ಕೊಟ್ಟರೆ ಸಾಲದು. ಐಪಿ ವಿಳಾಸಗಳ ಹಳೆಯ ಮಾದರಿಯಲ್ಲಿ ಇರುವ ನಂಬರ್‌ಗಳೇ ಕಡಿಮೆ, ಅದಕ್ಕೆ ಕಂಪನಿಗಳು ಒಂದೇ ಐಪಿಯನ್ನು ನೂರಾರು ಗ್ರಾಹಕರಿಗೆ ಒಟ್ಟಿಗೆ ಹಂಚುತ್ತವೆ. ಇದನ್ನು ಒಂದೇ ಮನೆ ನಂಬರ್ ಇರುವ ದೊಡ್ಡ ವಾಡೆ ಅಂದುಕೊಳ್ಳಿ. ಮನೆ ನಂಬರ್ ಗೊತ್ತಾದರೆ ವಾಡೆಯ ಹೆಬ್ಬಾಗಿಲವರೆಗೆ ಹೋಗಬಹುದು, ಒಳಗೆ ಯಾವ ಕೋಣೆ ಅಂತ ಗೊತ್ತಾಗಲು ಇನ್ನೊಂದು ನಂಬರ್ ಬೇಕು. ಆ ಕೋಣೆ ನಂಬರನ್ನೇ ಪೋರ್ಟ್ ನಂಬರ್ ಅನ್ನುತ್ತಾರೆ. ನಮಗೆ ಕಾಣುವ ಪರದೆಗಳಲ್ಲಿ ಬಹಳ ಸಲ ಪೋರ್ಟ್ ಇರುವುದೇ ಇಲ್ಲ. ಆದರೆ ಮೈಕ್ರೋಸಾಫ್ಟ್, ಗೂಗಲ್‌ನಂಥ ಕಂಪನಿಗಳಿಗೆ ಪೊಲೀಸರು ಬರೆದಾಗ ಅದನ್ನೂ ಕೇಳಬಹುದು, ಕೇಳಿ ಅಂತ ನೀವೇ ನೆನಪಿಸಿ. ಐಪಿವಿ6 ಅನ್ನುವ ಉದ್ದನೆಯ ಹೊಸ ಮಾದರಿಯ ವಿಳಾಸ ಸಿಕ್ಕರೆ ಇನ್ನೂ ಒಳ್ಳೆಯದು, ಅದನ್ನು ಹೀಗೆ ಹಂಚಬೇಕಾದ ಅಗತ್ಯ ಇಲ್ಲ. 192.168 ಅಂತ ಶುರುವಾಗುವ ವಿಳಾಸ ಮಾತ್ರ ಯಾತಕ್ಕೂ ಬಾರದು. ಅದು ಮನೆಯೊಳಗಿನ ರೂಟರ್ ಕೊಟ್ಟ ನಂಬರ್, ಲೋಕದ ಎಷ್ಟೋ ಮನೆಗಳಲ್ಲಿ ಅದೇ ಇರುತ್ತದೆ.

ಸಮಯದ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಎಷ್ಟೋ ಸೇವೆಗಳು ಸಮಯವನ್ನು ಯುಟಿಸಿಯಲ್ಲಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಗಡಿಯಾರದ ಲೆಕ್ಕದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಾಖಲೆಯಲ್ಲಿ '15ನೇ ತಾರೀಖು, 18:40 ಯುಟಿಸಿ' ಅಂತ ಇದೆ ಅಂದುಕೊಳ್ಳಿ. ನೋಡಿದ ಕೂಡಲೇ ಸಂಜೆ ಆರು ನಲವತ್ತು ಅಂತ ಓದುತ್ತೇವೆ. ನಮ್ಮ ಲೆಕ್ಕದಲ್ಲಿ ಅದು ರಾತ್ರಿ 12:10, ಅದೂ 16ನೇ ತಾರೀಖು. ದಿನವೇ ಬದಲಾಗಿಹೋಯಿತು. ಐಪಿ ಅಡ್ರೆಸ್ ಆಗಾಗ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿರುತ್ತದೆ, ಹಾಗಾಗಿ 15ರ ಸಂಜೆ ಅಂತ ಕೇಳಿದರೆ ಕಂಪನಿ ಪ್ರಾಮಾಣಿಕವಾಗಿ ಇನ್ಯಾರದೋ ಹೆಸರು ಕೊಡುತ್ತದೆ. ಏನೂ ಅರಿಯದ ಒಂದು ಕುಟುಂಬದ ಬಾಗಿಲಿಗೆ ಪೊಲೀಸರು ಹೋಗಿ ನಿಲ್ಲುತ್ತಾರೆ. ದೂರಿನಲ್ಲಿ ಸಮಯ ಬರೆಯುವಾಗ ಪಕ್ಕದಲ್ಲಿ ಯುಟಿಸಿಯೋ ಭಾರತೀಯ ಸಮಯವೋ ಅಂತ ಬರೆಯಲೇಬೇಕು. ಸೆಕೆಂಡ್ ಇದ್ದರೆ ಸೆಕೆಂಡೂ ಬರೆಯಿರಿ.

ಐಪಿ ಎಲ್ಲಿ ಸಿಗುತ್ತದೆ ಅಂದರೆ, ಫೈಂಡ್ ಮೈ ಡಿವೈಸ್ ಆನ್ ಇಲ್ಲದಿದ್ದರೂ ದಾರಿ ಇದೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಇನ್‌ಬಾಕ್ಸಿನ ಕೆಳಗೆ ಬಲಮೂಲೆ ನೋಡಿ. ಕೊನೆಯ ಚಟುವಟಿಕೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದರ ವಿವರ ಒತ್ತಿದರೆ ಇತ್ತೀಚಿನ ಲಾಗಿನ್‌ಗಳ ಐಪಿ ಮತ್ತು ಸಮಯ ಬರುತ್ತವೆ. ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟದಲ್ಲಿ ನಿಮ್ಮ ಎಲ್ಲ ಡಿವೈಸ್‌ಗಳ ಪಟ್ಟಿ ಇರುತ್ತದೆ, ಯಾವುದು ಕೊನೆಗೆ ಯಾವಾಗ ಬಂತು ಅಂತ ತೋರಿಸುತ್ತದೆ. ಕದ್ದವನು ಫಾರ್ಮ್ಯಾಟ್ ಮಾಡದೆ ನಿಮ್ಮ ಕ್ರೋಮ್‌ನಲ್ಲೇ ಏನಾದರೂ ಹುಡುಕಿದರೆ ಅದೂ ನಿಮ್ಮ ಅಕೌಂಟಿನ ಹಿಸ್ಟರಿಗೆ ಬಂದು ಬೀಳಬಹುದು.

ಆ್ಯಪಲ್ ಮ್ಯಾಕ್‌ಬುಕ್ ಇದ್ದವರ ಸ್ಥಿತಿ ಸ್ವಲ್ಪ ಬೇರೆ, ನಿಜ ಹೇಳಬೇಕೆಂದರೆ ಜಾಸ್ತಿ ಒಳ್ಳೆಯದು. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲೀನಾದಿಂದ ಈಚೆಗೆ, ನೆಟ್ ಇಲ್ಲದೆ ಮಲಗಿರುವ ಮ್ಯಾಕ್ ಕೂಡ ಬ್ಲೂಟೂತ್ ಮೂಲಕ ಸಣ್ಣ ಗುರುತು ಹೊರಡಿಸುತ್ತದೆ. ಪಕ್ಕದಲ್ಲಿ ಹಾದುಹೋಗುವ ಯಾರದೋ ಐಫೋನ್ ಅದನ್ನು ಹಿಡಿದು, ಫೋನಿನವರಿಗೂ ಗೊತ್ತಾಗದ ಹಾಗೆ, ನಿಮಗೆ ಜಾಗ ತಿಳಿಸುತ್ತದೆ. ಅದಕ್ಕಿಂತ ದೊಡ್ಡದು ಆ್ಯಕ್ಟಿವೇಶನ್ ಲಾಕ್. ಟಿ2 ಅನ್ನುವ ಭದ್ರತಾ ಚಿಪ್ ಇರುವ ಅಥವಾ 2020ರ ನಂತರದ ಆ್ಯಪಲ್‌ನದೇ ಚಿಪ್ ಇರುವ ಮ್ಯಾಕ್‌ನಲ್ಲಿ ಫೈಂಡ್ ಮೈ ಅನ್ನುವ ಆ್ಯಪಲ್‌ನ ಹುಡುಕುವ ಸೌಲಭ್ಯ ಆನ್ ಆಗಿದ್ದರೆ, ಪೂರ್ತಿ ಅಳಿಸಿದರೂ ನಿಮ್ಮ ಪಾಸ್‌ವರ್ಡ್ ಇಲ್ಲದೆ ಅದು ಮತ್ತೆ ಶುರುವಾಗುವುದಿಲ್ಲ. ಇಲ್ಲಿ ಜನ ಒಂದು ಕೆಲಸ ಕೆಡಿಸಿಕೊಳ್ಳುತ್ತಾರೆ. ಹೋದದ್ದು ಹೋಯಿತು ಅಂತ ಆ ಮ್ಯಾಕನ್ನು ತಮ್ಮ ಅಕೌಂಟಿನಿಂದ ರಿಮೂವ್ ಮಾಡಿಬಿಡುತ್ತಾರೆ. ರಿಮೂವ್ ಮಾಡಿದರೆ ಆ ಲಾಕ್ ಬಿಚ್ಚಿಕೊಳ್ಳುತ್ತದೆ, ಕಳ್ಳನಿಗೆ ಬೇಕಾದದ್ದೂ ಅದೇ. ಕೆಲವು ದಿನ ಬಿಟ್ಟು 'ನಿಮ್ಮ ಸಾಧನ ಸಿಕ್ಕಿದೆ, ಇಲ್ಲಿ ಲಾಗಿನ್ ಆಗಿ' ಅಂತ ಮೆಸೇಜ್ ಬಂದರೂ ನಂಬಬೇಡಿ. ನಿಮ್ಮ ಪಾಸ್‌ವರ್ಡ್ ಕಸಿಯಲು ಹಾಕುವ ಬಲೆ ಅದು.

ಫಾರ್ಮ್ಯಾಟ್ ಮಾಡಿದರೂ ಸಾಯದ ಟ್ರ್ಯಾಕಿಂಗ್ ವಿಂಡೋಸ್ ಲೋಕದಲ್ಲೂ ಇದೆ. ಕೆನಡಾದಲ್ಲಿ ಶುರುವಾದ ಆ್ಯಬ್ಸಲ್ಯೂಟ್ ಅನ್ನುವ ಕಂಪನಿಯ ಒಂದು ಸಣ್ಣ ಪ್ರೋಗ್ರಾಮ್ ಡೆಲ್, ಎಚ್‌ಪಿ, ಲೆನೊವೊದ ಬಹಳಷ್ಟು ಮಾಡೆಲ್‌ಗಳ ಬಯೋಸ್ ಒಳಗೇ, ಅಂದರೆ ವಿಂಡೋಸ್‌ಗಿಂತ ಮೊದಲು ಎದ್ದು ಯಂತ್ರವನ್ನು ಶುರು ಮಾಡುವ ಭಾಗದೊಳಗೇ ಕೂತಿರುತ್ತದೆ. ಹಿಂದೆ ಇದನ್ನು ಕಂಪ್ಯೂಟ್ರೇಸ್ ಅನ್ನುತ್ತಿದ್ದರು. ಹಾರ್ಡ್ ಡಿಸ್ಕ್ ಬದಲಿಸಿ ಹೊಸ ವಿಂಡೋಸ್ ಹಾಕಿದರೂ ಬಯೋಸ್‌ನಿಂದ ಅದು ಮತ್ತೆ ಎದ್ದು ಬಂದು ತನ್ನ ಕಂಪನಿಗೆ ವರದಿ ಮಾಡುತ್ತದೆ. ಆದರೆ ಚಂದಾ ಕಟ್ಟಿ ಚಾಲೂ ಮಾಡಿಸಿದ್ದರೆ ಮಾತ್ರ, ಇಲ್ಲದಿದ್ದರೆ ಸುಮ್ಮನೆ ಮಲಗಿರುತ್ತದೆ. ಕಾಲೇಜು, ಆಫೀಸುಗಳಿಗೆ ಇದು ಹೊಂದುತ್ತದೆ. ನಿಮ್ಮದು ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಕಳುವಾದ ಕೂಡಲೇ ಐಟಿ ವಿಭಾಗಕ್ಕೆ ಫೋನ್ ಮಾಡಿ ಕೇಳಿ, ಬಹಳ ಜನಕ್ಕೆ ತಮ್ಮದರಲ್ಲಿ ಇದು ಇದೆ ಅಂತಲೇ ಗೊತ್ತಿರುವುದಿಲ್ಲ. ಚಿಲಿ ದೇಶದಲ್ಲಿ 2009ರಲ್ಲಿ ಶುರುವಾದ ಪ್ರೇ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಲಿನಕ್ಸ್‌ಗೂ ಸಿಗುತ್ತದೆ. ಕಳುವಾಗಿದೆ ಅಂತ ನೀವು ಗುರುತು ಹಾಕಿದ ಮೇಲೆ ಸುತ್ತಲಿನ ವೈಫೈ ಪಟ್ಟಿ, ಪರದೆಯ ಚಿತ್ರ, ಕ್ಯಾಮೆರಾ ಫೋಟೊ ಕಳಿಸುತ್ತದೆ.

ಆ ಕ್ಯಾಮೆರಾ ಫೋಟೊ ಬಗ್ಗೆ ಎಚ್ಚರ ಇರಲಿ. ಲ್ಯಾಪ್‌ಟಾಪ್ ಮುಂದೆ ಕೂತವರು ಕದ್ದವರೇ ಆಗಿರಬೇಕಿಲ್ಲ. ಅಮೆರಿಕದ ಓಹಿಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಬ್ಬ ಶಿಕ್ಷಕಿ ತನ್ನ ವಿದ್ಯಾರ್ಥಿಯಿಂದ 60 ಡಾಲರಿಗೆ ಒಂದು ಲ್ಯಾಪ್‌ಟಾಪ್ ಕೊಂಡರು. ಅದು ಕದ್ದ ಮಾಲು. ಟ್ರ್ಯಾಕ್ ಮಾಡುತ್ತಿದ್ದ ಕಂಪನಿಯ ಸಿಬ್ಬಂದಿ ಆಕೆಯ ತೀರ ಖಾಸಗಿ ಚಿತ್ರಗಳನ್ನು ಹಿಡಿದು ಪೊಲೀಸರಿಗೆ ಕೊಟ್ಟರು. ಆಕೆ ಕೋರ್ಟಿಗೆ ಹೋದಾಗ, 2011ರಲ್ಲಿ ಅಲ್ಲಿನ ನ್ಯಾಯಾಧೀಶರು ಕೇಸನ್ನು ವಜಾ ಮಾಡಲು ಒಪ್ಪಲಿಲ್ಲ, ಕಂಪನಿ ರಾಜಿ ಮಾಡಿಕೊಳ್ಳಬೇಕಾಯಿತು. ನಮ್ಮಲ್ಲೂ ಐಟಿ ಕಾಯ್ದೆಯ 66ಇ ಕಲಂ ಒಬ್ಬರ ದೇಹದ ಖಾಸಗಿ ಭಾಗಗಳ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯುವುದು, ಹಂಚುವುದು ಅಪರಾಧ ಅನ್ನುತ್ತದೆ. ಸಿಕ್ಕ ಫೋಟೊವನ್ನು 'ಇವನೇ ಕಳ್ಳ' ಅಂತ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದು ಬೇಡವೇ ಬೇಡ. ಅದು ಹೋಗಬೇಕಾದ್ದು ಪೊಲೀಸರಿಗೆ ಮಾತ್ರ.

ಇಲ್ಲೊಂದು ಇಕ್ಕಟ್ಟು ಇದೆ. ಡಿಸ್ಕನ್ನು ವಿಂಡೋಸ್‌ನದೇ ಬಿಟ್‌ಲಾಕರ್ ಅನ್ನುವ ಸೌಲಭ್ಯದಿಂದ ಬೀಗ ಹಾಕಿ, ಗಟ್ಟಿ ಪಾಸ್‌ವರ್ಡ್ ಇಟ್ಟರೆ ಕದ್ದವನು ಒಳಗೆ ಹೋಗಲಾರ. ಒಳಗೆ ಹೋಗದವನು ನೆಟ್‌ಗೆ ಸೇರಿಸುವುದೂ ಕಡಿಮೆ, ನಿಮಗೆ ಜಾಗ ಗೊತ್ತಾಗದೇ ಹೋಗಬಹುದು. ಅವನು ಸಿಕ್ಕಿಬೀಳಲಿ ಅಂತ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಅಕೌಂಟ್ ಬಿಟ್ಟಿಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನಿಮ್ಮ ಆಧಾರ್ ಪ್ರತಿ, ಬ್ಯಾಂಕಿನ ಪಾಸ್‌ವರ್ಡ್, ಮನೆಯವರ ಫೋಟೊ ಇವೆ. ಯಂತ್ರ ಹೋದರೆ ಇನ್ನೊಂದು ಕೊಳ್ಳಬಹುದು. ಬಿಟ್‌ಲಾಕರ್ ಹಾಕಿ, ಅದರ 48 ಅಂಕಿಯ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಡಿ. ಜಾಗ ತಿಳಿಯಲೇಬೇಕು ಅನ್ನುವವರು ಬ್ಯಾಗಿನ ಒಳಪದರದಲ್ಲಿ ಏರ್‌ಟ್ಯಾಗ್‌ನಂಥ, ಜಾಗ ತಿಳಿಸುವ ಸಣ್ಣ ಬಿಲ್ಲೆಯೊಂದನ್ನು ಹಾಕಿಡಬಹುದು. ಬ್ಯಾಗನ್ನು ಎಸೆಯುವ ಮೊದಲು ಒಂದೆರಡು ಗುರುತಾದರೂ ಸಿಗುತ್ತವೆ.

ಕಳುವಾದದ್ದು ಗೊತ್ತಾದ ಕೂಡಲೇ ಬೇರೆ ಕಂಪ್ಯೂಟರಿನಲ್ಲಿ ಕೂತು ಫೈಂಡ್ ಮೈ ಡಿವೈಸ್ ತೆರೆದು ಲಾಕ್ ಮಾಡಿ, ಕಂಡದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆಯಿರಿ. ಜಿಮೇಲ್‌ನ ಐಪಿ ಪಟ್ಟಿಯನ್ನೂ ಆಗಲೇ ತೆಗೆದಿಟ್ಟುಕೊಳ್ಳಿ. ಆಮೇಲೆ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಖಾತೆಯಿಂದ ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಬೇಕು, ಅದು ಆನ್‌ಲೈನ್ ಹಣ ವಂಚನೆಯ ಸಹಾಯವಾಣಿ. ಬರೀ ಲ್ಯಾಪ್‌ಟಾಪ್ ಕಳುವಿಗೆ ಅಲ್ಲ.

ನಂತರ ಠಾಣೆ. ಪೊಲೀಸ್ ಇಲಾಖೆಯ ಇ-ಲಾಸ್ಟ್ ಸೌಲಭ್ಯದಲ್ಲಿ ಮೊಬೈಲಿನಿಂದಲೇ ಒಂದು ರಸೀದಿ ತೆಗೆದುಕೊಳ್ಳಬಹುದು, ಅದು ಸುಲಭ ಅಂತ ಎಲ್ಲರೂ ಅದನ್ನೇ ಮಾಡುತ್ತಾರೆ. ಅದು ಕಳೆದುಹೋದ ವಸ್ತುವಿಗೆ. ಅದರ ಮೇಲೆ ತನಿಖೆ ನಡೆಯುವುದಿಲ್ಲ, ಯಾರೂ ಐಪಿ ಕೇಳಿ ಪತ್ರ ಬರೆಯುವುದಿಲ್ಲ. ಕಳುವಾಗಿದ್ದರೆ ಕಳುವು ಅಂತಲೇ ದೂರು ಕೊಟ್ಟು ಎಫ್‌ಐಆರ್ ಮಾಡಿಸಿ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 303ನೇ ಕಲಂ ಕಳ್ಳತನಕ್ಕೆ. ಮನೆಯೊಳಗಿಂದ ಅಥವಾ ಪ್ರಯಾಣಿಕರ ಬಸ್ಸು, ರೈಲಿನಿಂದ ಕದ್ದಿದ್ದರೆ 305, ಅದಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ. ಬಸ್ಸಿನಲ್ಲಿ ಅಣ್ಣಿಗೇರಿ ಹತ್ತಿರ ಹೋಯಿತೋ ಗದಗದಲ್ಲಿ ಹೋಯಿತೋ ಗೊತ್ತಿಲ್ಲ ಅಂದರೂ ಚಿಂತೆ ಇಲ್ಲ. ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು ಅಂತ ಬಿಎನ್‌ಎಸ್‌ಎಸ್‌ನ 173ನೇ ಕಲಂ ಹೇಳುತ್ತದೆ. ಎಲೆಕ್ಟ್ರಾನಿಕ್ ಆಗಿ ಕಳಿಸಿದ ದೂರನ್ನೂ ಮೂರು ದಿನದೊಳಗೆ ಬಂದು ಸಹಿ ಹಾಕಿದರೆ ದಾಖಲು ಮಾಡುತ್ತಾರೆ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ರೈಲಿನಲ್ಲಿ ಹೋಗಿದ್ದರೆ ರೈಲ್ವೆ ಪೊಲೀಸರು ನೋಡುತ್ತಾರೆ, 139ಕ್ಕೆ ಫೋನ್ ಮಾಡಬಹುದು.

ಠಾಣೆಯಲ್ಲಿ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ.

"ಯಾವ ಕಂಪನೀದ್ರಿ?"

"ಎಚ್‌ಪಿ ಸರ್."

"ಬಣ್ಣ?"

"ಸಿಲ್ವರ್ ಸರ್. ಮ್ಯಾಲೆ ಕಾಲೇಜಿಂದು ಸ್ಟಿಕರ್ ಐತ್ರಿ."

"ಸೀರಿಯಲ್ ನಂಬರ್ ತಂದೀರೇನು?"

ಇಲ್ಲಿಗೆ ಮಾತು ನಿಲ್ಲುತ್ತದೆ. ಸಿಲ್ವರ್ ಬಣ್ಣದ ಎಚ್‌ಪಿಗಳು ಊರ ತುಂಬ ಇವೆ. ಸ್ಟಿಕರ್ ಉಗುರಿನಿಂದ ಕೀಳಬಹುದು. ನಾಳೆ ಯಾವುದೋ ದಾಳಿಯಲ್ಲಿ ಪೊಲೀಸರಿಗೆ ಒಂದು ಚೀಲ ಲ್ಯಾಪ್‌ಟಾಪ್ ಸಿಕ್ಕರೆ ಅದರಲ್ಲಿ ನಿಮ್ಮದು ಯಾವುದು ಅಂತ ಹೇಳುವುದು ಆ ಒಂದು ನಂಬರ್. ಕೆಳಗಿನ ಸ್ಟಿಕರ್ ಕಿತ್ತರೂ ಅದು ಬಯೋಸ್‌ನಲ್ಲಿ ಉಳಿದಿರುತ್ತದೆ. ಡೆಲ್‌ನಲ್ಲಿ ಇದನ್ನೇ ಸರ್ವಿಸ್ ಟ್ಯಾಗ್ ಅನ್ನುತ್ತಾರೆ, 7 ಅಕ್ಷರ ಅಂಕಿಗಳು. ಲ್ಯಾಪ್‌ಟಾಪ್ ಬಂದಿದ್ದ ಡಬ್ಬಿ, ಅಂಗಡಿಯ ಬಿಲ್ಲು, ಆನ್‌ಲೈನ್ ಆರ್ಡರಿನ ಇನ್‌ವಾಯ್ಸ್, ವಾರಂಟಿ ನೋಂದಣಿಯ ಮೇಲ್, ಇವುಗಳಲ್ಲಿ ಎಲ್ಲೋ ಒಂದು ಕಡೆ ಅದು ಸಿಗುತ್ತದೆ. ಸಿಗದಿದ್ದರೆ ಕೊಂಡ ಅಂಗಡಿಗೇ ಹೋಗಿ, ಅವರ ಲೆಕ್ಕದಲ್ಲಿ ಇರುತ್ತದೆ. ಇನ್ನೂ ಕಳುವಾಗದೆ ಇರುವವರು ಲ್ಯಾಪ್‌ಟಾಪ್ ಮಗುಚಿ ಆ ಸ್ಟಿಕರಿನ ಒಂದು ಫೋಟೊ ತೆಗೆದು ಅಪ್ಪನಿಗೋ ಅಕ್ಕನಿಗೋ ಕಳಿಸಿಡಿ. ಈ ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಚುಕ್ಕೆ ಕಂಡ ಮೇಲೆ ಗೆಳೆಯರನ್ನು ಕಟ್ಟಿಕೊಂಡು ಆ ಮನೆಗೆ ನುಗ್ಗುವ ಆಸೆ ಎಲ್ಲರಿಗೂ ಬರುತ್ತದೆ. ಹೋಗಬೇಡಿ. ಹೊಡೆದಾಟ ಆಗಬಹುದು, ಮನೆಯೇ ತಪ್ಪಿರಬಹುದು, ಕದ್ದವನಿಗೆ ಸುಳಿವು ಸಿಕ್ಕಿ ಮಾಲು ಮಾಯವಾಗಬಹುದು. ಚುಕ್ಕೆ ಆ ಕ್ಷಣಕ್ಕೆ ಕಾಣುತ್ತಿದ್ದರೆ ತನಿಖಾಧಿಕಾರಿಗೆ ಫೋನ್ ಮಾಡಿ, ಸಿಗದಿದ್ದರೆ 112ಕ್ಕೆ. ಪೊಲೀಸರೂ ಒಂದು ವೃತ್ತ ನೋಡಿ ಹತ್ತು ಮನೆ ಶೋಧಿಸಲು ಆಗುವುದಿಲ್ಲ. ಶೋಧನೆಗೆ ವಾರಂಟ್ ಬೇಕು, ತುರ್ತು ಇದ್ದರೆ ಬಿಎನ್‌ಎಸ್‌ಎಸ್‌ನ 185ನೇ ಕಲಂ ಪ್ರಕಾರ ಕಾರಣ ಬರೆದಿಟ್ಟು ಹೋಗಬೇಕು, ಶೋಧನೆಯನ್ನು ವಿಡಿಯೊ ಕೂಡ ಮಾಡಬೇಕು. ಅದಕ್ಕೇ ಚುಕ್ಕೆಯ ಜೊತೆಗೆ ಐಪಿ ಮತ್ತು ಸಮಯ ಇರಬೇಕು ಅಂತ ಅಷ್ಟು ಒತ್ತಿ ಹೇಳಿದ್ದು. ವೃತ್ತದೊಳಗಿನ ಹತ್ತು ಮನೆಗಳಲ್ಲಿ ಒಂದು ಮನೆಯ ಬ್ರಾಡ್‌ಬ್ಯಾಂಡ್ ಹೆಸರು ಇಂಟರ್ನೆಟ್ ಕಂಪನಿಯ ಉತ್ತರದಲ್ಲೂ ಬಂದರೆ ಎರಡೂ ಕೂಡಿ ಗಟ್ಟಿಯಾಗುತ್ತವೆ. ಸ್ಥಳೀಯ ಠಾಣೆಗೆ ಈ ತಾಂತ್ರಿಕ ಭಾಗ ಕಷ್ಟ ಅನ್ನಿಸಿದರೆ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಯವರ ನೆರವು ಕೇಳಿ ಅಂತ ವಿನಂತಿ ಮಾಡಬಹುದು.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರಿಗೂ ಒಂದು ಮಾತು. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಯಲ್ಲಾಗಲಿ, ಆನ್‌ಲೈನ್ ಜಾಹೀರಾತು ನೋಡಿಯಾಗಲಿ, ಬಿಲ್ ಕೇಳಿ, ಬಿಲ್ಲಿನ ನಂಬರಿಗೂ ಬಯೋಸ್‌ನ ನಂಬರಿಗೂ ತಾಳೆ ನೋಡಿ. ಸ್ಟಿಕರ್ ಕೆರೆದಿದ್ದರೆ, ಚಾರ್ಜರ್ ಇಲ್ಲದಿದ್ದರೆ, ಬೆಲೆ ತೀರ ಅಗ್ಗ ಇದ್ದರೆ ಬಿಟ್ಟುಬಿಡಿ. ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ ಕೊಂಡರೆ ನ್ಯಾಯ ಸಂಹಿತೆಯ 317ನೇ ಕಲಂ ಮತ್ತು ಐಟಿ ಕಾಯ್ದೆಯ 66ಬಿ ಎರಡರಲ್ಲೂ 3 ವರ್ಷದವರೆಗೆ ಜೈಲು ಇದೆ.

ಲ್ಯಾಪ್‌ಟಾಪ್ ಸಿಕ್ಕಿತು ಅಂತ ಠಾಣೆಯಿಂದ ಫೋನ್ ಬಂದ ದಿನವೇ ಅದು ನಿಮ್ಮ ಕೈಗೆ ಬರುವುದಿಲ್ಲ. ಪಂಚನಾಮೆ ಆಗಿ ಅದು ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷ್ಯಕ್ಕಾಗಿ ವಶದಲ್ಲಿಟ್ಟ ವಸ್ತು ಆಗಿರುತ್ತದೆ. ಬಿಎನ್‌ಎಸ್‌ಎಸ್ 497 ಮತ್ತು 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ, ಬಿಲ್ಲು ತೋರಿಸಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಮೊದಲು ಇದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ಈಗ ಕೋರ್ಟಿಗೆ ಹಾಜರುಪಡಿಸಿದ 14 ದಿನದೊಳಗೆ ವಸ್ತುವಿನ ವಿವರ ಬರೆದು, ಫೋಟೊ ಅಥವಾ ವಿಡಿಯೊ ತೆಗೆದು, ಅಲ್ಲಿಂದ 30 ದಿನದೊಳಗೆ ಅದನ್ನು ಏನು ಮಾಡಬೇಕು ಅಂತ ಆದೇಶ ಮಾಡಬೇಕು ಅಂತ 497ರಲ್ಲೇ ಇದೆ. ವಿಚಾರಣೆಗೆ ಆ ಫೋಟೊ ಸಾಕಾಗುತ್ತದೆ, ಲ್ಯಾಪ್‌ಟಾಪ್ ಠಾಣೆಯ ಕೋಣೆಯಲ್ಲಿ ಧೂಳು ತಿನ್ನಬೇಕಾಗಿಲ್ಲ. ಕೋರ್ಟಿನ ಒಪ್ಪಿಗೆ ಇಲ್ಲದೆ ಅದನ್ನು ಮಾರಬೇಡಿ. ಮನೆಗೆ ತಂದ ಮೇಲೆ ನೆಟ್‌ಗೆ ಸೇರಿಸುವ ಮೊದಲು ನಿಮ್ಮ ಫೈಲುಗಳು ಉಳಿದಿದ್ದರೆ ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ. ಆಮೇಲೆ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ. ಈ ಸಲ ಮೈಕ್ರೋಸಾಫ್ಟ್ ಅಕೌಂಟಿನಿಂದ.